ಕಾರಿನ ನ್ಯಾವಿಗೇಷನ್ ಕೆಟ್ಟಿದೆಯೇ? ಸ್ಕ್ರೀನ್ ಬದಲಿಸುವ ಮುಂಚೆ ಇಷ್ಟು ನೋಡಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಂಡ್ಯದ ಬೈಪಾಸ್ ಹಿಡಿದಿದ್ದೀರಿ, ಆದರೆ ಕಾರಿನ ಸ್ಕ್ರೀನ್‌ನಲ್ಲಿ ಬಾಣದ ಗುರುತು ರಸ್ತೆಯೇ ಇಲ್ಲದ ಕಡೆ ಓಡುತ್ತಿದೆ. ಗಾಬರಿ ಬೇಡ. ಬಾಣ ಕಾರಿನ ಜೊತೆಗೇ ಸಲೀಸಾಗಿ ಸಾಗುತ್ತಿದ್ದರೆ ಜಿಪಿಎಸ್ ಚೆನ್ನಾಗಿದೆ, ಮ್ಯಾಪ್ ಮಾತ್ರ ಹಳೆಯದು. 2023ರಲ್ಲಿ ಉದ್ಘಾಟನೆಯಾದ ರಸ್ತೆ ಅದಕ್ಕೂ ಹಿಂದಿನ ಮ್ಯಾಪ್‌ನಲ್ಲಿ ಇರುವುದಾದರೂ ಹೇಗೆ? ಅಪ್‌ಡೇಟ್ ಹಾಕಿಸಿದರೆ ಸಾಕು.

ಬಾಣ ನಿಂತಲ್ಲೇ ನಿಂತಿದ್ದರೆ ಅಥವಾ ಪಕ್ಕದ ಬೀದಿಗೆ ಹಾರುತ್ತಿದ್ದರೆ ಅದು ಸಿಗ್ನಲ್ ತೊಂದರೆ. ಸ್ಕ್ರೀನೇ ಆಗಾಗ ಆಫ್ ಆಗಿ ಆನ್ ಆಗುತ್ತಿದ್ದರೆ ಕರೆಂಟಿನ ತೊಂದರೆ. ಈ ಮೂರರಲ್ಲಿ ಯಾವುದು ಅಂತ ತಿಳಿಯದೆ ಗ್ಯಾರೇಜಿಗೆ ಹೋದರೆ ಇಡೀ ಯೂನಿಟ್ ಬದಲಿಸುವ ಮಾತು ಬರಬಹುದು, ಅದು ದುಬಾರಿ ಬಾಬತ್ತು.

ಮೊದಲು ಕಾರನ್ನು ಬೇಸ್‌ಮೆಂಟ್‌ನಿಂದ ಹೊರಗೆ ತಂದು ಬಯಲಲ್ಲಿ ನಿಲ್ಲಿಸಿ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಿಗ್ನಲ್ ಸಿಕ್ಕರೆ ಮಾತ್ರ ಜಾಗ ಸರಿಯಾಗಿ ಗೊತ್ತಾಗುವುದು. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಅಥವಾ ಕಾರು ತುಂಬಾ ದಿನ ನಿಂತಿದ್ದರೆ, ಯಾವ ಉಪಗ್ರಹ ಎಲ್ಲಿದೆ ಎಂಬ ಪಟ್ಟಿಯನ್ನು ಜಿಪಿಎಸ್ ಹೊಸದಾಗಿ ಇಳಿಸಿಕೊಳ್ಳಬೇಕಾಗಬಹುದು. ಪೂರ್ತಿ ಪಟ್ಟಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಹಾಗಾಗಿ ಒಂದು ಕಾಲು ಗಂಟೆ ತಾಳ್ಮೆ ಇರಲಿ. ಅಷ್ಟರಲ್ಲಿ ಸೆಟ್ಟಿಂಗ್ಸ್‌ನಲ್ಲಿ ಜಿಪಿಎಸ್ ಮಾಹಿತಿ ತೆರೆದು ಎಷ್ಟು ಉಪಗ್ರಹ ಸಿಕ್ಕಿವೆ ನೋಡಿ. ಡೆಮೊ ಮೋಡ್ ಆನ್ ಆಗಿದೆಯಾ ಅಂತಲೂ ನೋಡಿ, ಅದು ಆನ್ ಇದ್ದರೆ ನಿಂತ ಕಾರು ಕೂಡ ಮ್ಯಾಪ್‌ನಲ್ಲಿ ಓಡುತ್ತದೆ!

ಆದರೂ ಸಿಗ್ನಲ್ ಇಲ್ವಾ? ಡ್ಯಾಶ್‌ಕ್ಯಾಮ್, ಯುಎಸ್‌ಬಿ ಚಾರ್ಜರ್ ಎಲ್ಲವನ್ನೂ ಕಿತ್ತು ಇನ್ನೊಮ್ಮೆ ನೋಡಿ. ಇದನ್ನು ಜಾಸ್ತಿ ಜನ ಮಾಡುವುದೇ ಇಲ್ಲ. ಜಿಪಿಎಸ್ ಸಿಗ್ನಲ್ ನೆಲ ಮುಟ್ಟುವ ಹೊತ್ತಿಗೆ ತುಂಬಾ ಕ್ಷೀಣವಾಗಿರುತ್ತದೆ, ಅಗ್ಗದ ಚಾರ್ಜರ್ ಅಥವಾ ಕ್ಯಾಮೆರಾ ಹೊರಡಿಸುವ ರೇಡಿಯೊ ಗದ್ದಲವೇ ಅದನ್ನು ಮುಚ್ಚಿಹಾಕಬಲ್ಲದು. ಕಿತ್ತ ಕೂಡಲೇ ಉಪಗ್ರಹಗಳ ಸಂಖ್ಯೆ ಏರಿದರೆ ಕಳ್ಳ ಸಿಕ್ಕ ಹಾಗೆ. ಆಂಟೆನಾ ಡ್ಯಾಶ್‌ಬೋರ್ಡ್ ಒಳಗಿರುವ ಕಾರುಗಳಲ್ಲಿ, ಮುಂದಿನ ಗಾಜಿಗೆ ಹಾಕಿಸಿದ ಲೋಹದ ಅಂಶವಿರುವ ಫಿಲ್ಮ್ ಕೂಡ ಅಡ್ಡಿ.

ಗಾಜು ಬದಲಿಸಿದ ಅಥವಾ ಸ್ಟೀರಿಯೊ ಬಿಚ್ಚಿದ ಮೇಲೆ ತೊಂದರೆ ಶುರುವಾಗಿದ್ದರೆ ಆಂಟೆನಾ ವೈರ್ ಸಡಿಲವಾಗಿರಬಹುದು. ಹಲವು ಕಾರುಗಳಲ್ಲಿ ಯೂನಿಟ್ ಹಿಂದೆ ನೀಲಿ ಬಣ್ಣದ ಪ್ಲಗ್ ಇರುತ್ತದೆ, ಜಿಪಿಎಸ್‌ನದು ಅದೇ. ವಾರಂಟಿ ಇದ್ದರೆ ನೀವೇ ಬಿಚ್ಚಬೇಡಿ.

ಸ್ಕ್ರೀನ್‌ನಲ್ಲಿ ತಾರೀಖು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿದ್ದರೆ ಕಾರಣವೇ ಬೇರೆ. ಜಿಪಿಎಸ್ ವಾರಗಳನ್ನು 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್ 6ರಂದು ಹಾಗೆಯೇ ಆಯಿತು. ಹಳೆಯ ಸಾಫ್ಟ್‌ವೇರ್ ಇಲ್ಲಿ ಎಡವುತ್ತದೆ, ಅಪ್‌ಡೇಟ್ ಬಿಟ್ಟರೆ ದಾರಿಯಿಲ್ಲ.

ಸ್ಕ್ರೀನ್ ಸುಮ್ನೆ ಹ್ಯಾಂಗ್ ಆಗಿದ್ದರೆ ಪವರ್ ಬಟನ್ ಒತ್ತಿ ಹಿಡಿಯಿರಿ, ಹೆಚ್ಚಿನ ಕಾರುಗಳಲ್ಲಿ ಲೋಗೊ ಬಂದು ರೀಸ್ಟಾರ್ಟ್ ಆಗುತ್ತದೆ. ಸ್ಟಾರ್ಟ್ ಮಾಡುವಾಗಲೇ ಸ್ಕ್ರೀನ್ ಆರಿದರೆ ಮೊದಲು ಬ್ಯಾಟರಿ ಪರೀಕ್ಷೆ ಮಾಡಿಸಿ. ಮ್ಯಾಪ್ ಎಸ್‌ಡಿ ಕಾರ್ಡ್‌ನಲ್ಲಿದ್ದರೆ ಯೂನಿಟ್ ಆಫ್ ಮಾಡಿ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ ಹಾಕಿ. ಬೇರೆ ಕಾರ್ಡಿಗೆ ಕಾಪಿ ಮಾಡಿದರೆ ಎಷ್ಟೋ ಕಾರುಗಳಲ್ಲಿ ನಡೆಯುವುದಿಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಬೇರೆ ಆಂಟೆನಾ ಜೋಡಿಸಿ ನೋಡಲು ಹೇಳಿ. ಅದರಲ್ಲಿ ಸಿಗ್ನಲ್ ಬಂದರೆ ಸ್ಕ್ರೀನ್ ಮುಟ್ಟುವ ಅಗತ್ಯವೇ ಇಲ್ಲ.