ಹವಾಯಿಯ ಬೇಸಿಗೆ: ಗಾಳಿ ನೋಡಿಕೊಂಡು ತಿರುಗಾಡುವುದು ಹೇಗೆ

ಊರಿಂದ ಯಾರೇ ಬರಲಿ, ಹೊರಡುವ ವಾರ ಮೊದಲು ಫೋನ್ ಮಾಡುತ್ತಾರೆ. "ಏಳು ದಿನಕ್ಕೂ ಮಳೆ ಮೋಡ ತೋರಿಸ್ತಿದೆ, ಟಿಕೆಟ್ ಮುಂದಕ್ಕೆ ಹಾಕೋದಾ?" ಬೇಡ, ಸುಮ್ನೆ ಬನ್ನಿ ಅನ್ನುತ್ತೇನೆ. ನಾನು ಹೊನೊಲುಲುವಿಗೆ ಬಂದು ಹನ್ನೊಂದು ವರ್ಷ ಆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮೋಡದ ಚಿತ್ರ ನಂಬಿದರೆ ಇಡೀ ರಜೆ ಕೋಣೆಯಲ್ಲೇ ಕಳೆಯಬೇಕಾಗುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಮಳೆ ಬರುತ್ತಾ ಅಂತ ಅಲ್ಲ. ಗಾಳಿ ಎತ್ತಲಿಂದ ಬೀಸುತ್ತಿದೆ, ನಾನು ಬೆಟ್ಟದ ಯಾವ ಮಗ್ಗುಲಲ್ಲಿದ್ದೇನೆ, ಅಷ್ಟೇ.

ಶಾಲೆಯಲ್ಲಿ ವಾಣಿಜ್ಯ ಮಾರುತ ಅಂತ ಓದಿದ್ದೇವಲ್ಲ, ಅದೇ ಗಾಳಿ. ಬೇಸಿಗೆಯಲ್ಲಿ ಹವಾಯಿಯ ಉತ್ತರಕ್ಕೆ ಪೆಸಿಫಿಕ್ ಸಾಗರದ ಮೇಲೆ ಅಧಿಕ ಒತ್ತಡ ಗಟ್ಟಿಯಾಗಿ ನಿಂತುಬಿಡುತ್ತದೆ. ಅಲ್ಲಿಂದ ಹೊರಟ ಗಾಳಿ ಹತ್ತರಲ್ಲಿ ಎಂಟು ಒಂಬತ್ತು ದಿನ ಈಶಾನ್ಯದಿಂದಲೇ ದ್ವೀಪಗಳ ಮೇಲೆ ಬೀಸುತ್ತದೆ. ಬೆಟ್ಟಕ್ಕೆ ಬಡಿದು ಮೇಲೇರಿ, ಅಲ್ಲೇ ಮಳೆ ಸುರಿಸಿ, ಆಚೆ ಕಡೆಗೆ ಒಣಗಾಳಿಯಾಗಿ ಇಳಿಯುತ್ತದೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಗುಂಬೆಯಲ್ಲಿ ಧೋ ಅಂತ ಸುರಿದು ಶಿವಮೊಗ್ಗ ದಾಟುವಷ್ಟರಲ್ಲಿ ಸೊರಗುವ ಮಳೆಯನ್ನು ನಾನು ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಹೋಗುವಾಗ ಎಷ್ಟು ಸಲ ನೋಡಿದ್ದೇನೋ. ಇಲ್ಲಿ ದಿಕ್ಕು ಬೇರೆ, ಅಳತೆ ಚಿಕ್ಕದು. ನಮ್ಮ ಓಆಹು ದ್ವೀಪದ ಕೂಲಾವ್ ಬೆಟ್ಟಸಾಲು ಸಾವಿರ ಮೀಟರ್ ಕೂಡ ಇಲ್ಲ. ಆದರೂ ವೈಕೀಕಿ ಕಡಲತೀರದಿಂದ ಏಳೆಂಟು ಕಿ.ಮೀ. ಒಳಗೆ, ಮಾನೋಆ ಕಣಿವೆಯ ತುದಿಯಲ್ಲಿ, ವರ್ಷದ ಮಳೆ ಐದು ಪಟ್ಟಿಗೂ ಜಾಸ್ತಿ.

ಹಾಗಾಗಿ ಮೊದಲು ಎರಡು ಮಾತು ಕಲಿತುಕೊಳ್ಳಿ. ಮೌಕಾ ಅಂದರೆ ಬೆಟ್ಟದ ಕಡೆ, ಮಕಾಯ್ ಅಂದರೆ ಸಮುದ್ರದ ಕಡೆ. ಇಲ್ಲಿಯವರು ದಾರಿ ಹೇಳುವುದೂ ಹೀಗೆಯೇ. ರೇಡಿಯೋದಲ್ಲಿ "ಗಾಳಿ ಬಡಿಯುವ ಮಗ್ಗುಲಲ್ಲಿ ಮತ್ತು ಮೌಕಾದಲ್ಲಿ ತುಂತುರು" ಅಂದರೆ ನೀವು ಗಾಳಿಮರೆಯ ತೀರದಲ್ಲಿ ಧೈರ್ಯವಾಗಿ ಟವೆಲ್ ಹಾಸಬಹುದು.

ಬೆಳಿಗ್ಗೆ ಆರಕ್ಕೆ ಎದ್ದು ಬೆಟ್ಟದ ಕಡೆ ನೋಡಿ. ಶಿಖರದ ಮೇಲೆ ಮಾತ್ರ ಬೂದು ಮೋಡ ಕೂತಿದ್ದು, ತೆಂಗಿನ ಗರಿಗಳೆಲ್ಲ ಬಾಚಣಿಗೆ ಹಾಕಿದ ಹಾಗೆ ಒಂದೇ ಕಡೆ ವಾಲಿದ್ದರೆ ಅದು ಒಳ್ಳೆಯ ದಿನ. ತುಂತುರು ಜಾಸ್ತಿ ಬೀಳುವುದು ರಾತ್ರಿ ಮತ್ತು ಬೆಳಗಿನ ಜಾವ. ಹಗಲು ಬಂದರೂ ಹತ್ತು ನಿಮಿಷ. ಓಡಬೇಡಿ, ಒಂದು ಮರದ ಕೆಳಗೆ ನಿಲ್ಲಿ.

ನಮ್ಮ ಅಮ್ಮ ಬಂದ ವರ್ಷ ಇದನ್ನೆಲ್ಲ ಸಂಡಿಗೆಯಿಂದ ಕಲಿತೆವು. ಒಳ್ಳೆ ಬಿಸಿಲಿದೆ ಅಂತ ಅಮ್ಮ ಬಾಲ್ಕನಿಯಲ್ಲಿ ಹಳೆ ಪಂಚೆ ಹಾಸಿ, ನಾಲ್ಕು ಮೂಲೆಗೂ ಸ್ಟೀಲ್ ಡಬ್ಬಿ ಇಟ್ಟು, ಅಕ್ಕಿ ಸಂಡಿಗೆ ಹಾಕಿದರು. ಹನ್ನೊಂದು ಗಂಟೆಗೆ ಗಾಳಿ ಏರಿತು. ಪಂಚೆಯ ಹೊಟ್ಟೆ ಉಬ್ಬಿತು. ಒಂದು ಡಬ್ಬಿ ಉರುಳಿತು, ಹಸಿ ಸಂಡಿಗೆಯೆಲ್ಲ ಮಡಿಕೆಯೊಳಗೆ ಅಂಟಿಕೊಂಡಿತು. ಅದನ್ನು ಬಿಡಿಸುತ್ತಿರುವಾಗಲೇ ನೆತ್ತಿಯ ಮೇಲೆ ಬಿಸಿಲು ಇದ್ದಂತೆಯೇ ಸಣ್ಣ ಹನಿ ಶುರುವಾಯಿತು. ಬೆಟ್ಟದ ಮೇಲಿನ ಮಳೆಯನ್ನು ಗಾಳಿ ಇಲ್ಲಿವರೆಗೆ ಹೊತ್ತು ತಂದಿತ್ತು. "ಕಾಗೆ ನರಿ ಮದುವೆ ಇಲ್ಲೂ ಆಗುತ್ತಾ!" ಅಂತ ಅಮ್ಮ ಕೈಬಿಟ್ಟು ನಿಂತು ನೋಡಿದರು. ಮರುದಿನ ಬೆಳಿಗ್ಗೆ ಏಳಕ್ಕೇ, ಗೋಡೆಯ ಮರೆಯಲ್ಲಿ, ತಟ್ಟೆಗಳಲ್ಲಿ ಹಾಕಿದರು. ಸಂಜೆಯೊಳಗೆ ಗರಿಗರಿ ಒಣಗಿತ್ತು. ನೀವು ಒಗೆದ ಬಟ್ಟೆ ಹಾಕುವಾಗಲೂ ಅಷ್ಟೇ, ಎರಡೆರಡು ಕ್ಲಿಪ್ ಇರಲಿ.

ಅಂಥ ಮಳೆಯಲ್ಲಿ ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಿ. ವೈಕೀಕಿಯಲ್ಲಿ ಸಂಜೆ ಐದರ ಹೊತ್ತಿಗೆ ಎಲ್ಲರೂ ಸಮುದ್ರ ನೋಡುತ್ತಿರುತ್ತಾರೆ. ನೀವು ಬೆಟ್ಟದ ಕಡೆ ತಿರುಗಿ. ಕಾಮನಬಿಲ್ಲು ಅಲ್ಲೇ ನಿಂತಿರಬಹುದು. ನಡುಹಗಲಲ್ಲಿ ಹುಡುಕಬೇಡಿ, ಸೂರ್ಯ ತೀರಾ ಮೇಲಿದ್ದರೆ ಅದು ಕಾಣುವುದಿಲ್ಲ.

ದೋಣಿಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ: ಬೆಳಗಿನ ಮೊದಲ ದೋಣಿಗೇ ಹೋಗಿ. ಮಾವಿ ದ್ವೀಪದ ಮಾಆಲಾಯಾ ಬಂದರು ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿದೆ. ಹೊತ್ತೇರಿದಂತೆ ಗಾಳಿ ಆ ಕಿಂಡಿಯಲ್ಲಿ ನುಗ್ಗಿ ಜೋರಾಗುತ್ತದೆ. ಮೊಲೊಕಿನಿ ಅನ್ನುವ ಪುಟ್ಟ ದ್ವೀಪಕ್ಕೆ ಮೀನು, ಹವಳ ನೋಡಲು ಹೋಗುವ ದೋಣಿಗಳು ಬೆಳಿಗ್ಗೆ ಏಳರ ಸುಮಾರಿಗೆ ಹೊರಡುವುದು ಇದಕ್ಕೇ. ನಾವೊಮ್ಮೆ ಬೆಲೆ ಕಡಿಮೆ ಅಂತ ಮಧ್ಯಾಹ್ನದ ದೋಣಿ ಹತ್ತಿದೆವು. ಚಿಕ್ಕಪ್ಪ ಹವಳ ನೋಡಲಿಲ್ಲ, ಕಟಕಟೆ ಹಿಡಿದು ವಾಂತಿ ಮಾಡಿಕೊಳ್ಳುತ್ತಲೇ ಇದ್ದರು. ಸಣ್ಣ ದೋಣಿಗಳಿಗೆ ಎಚ್ಚರಿಕೆ ಕೊಟ್ಟ ದಿನ ದ್ವೀಪಗಳ ನಡುವಿನ ಸಮುದ್ರಕ್ಕೆ ಇಳಿಯುವ ಯೋಚನೆಯೇ ಬೇಡ.

ಈಜಲು ಹೋಗುವವರು ಗಾಳಿ ಜೋರಾದಾಗ ಓಆಹುವಿನ ಗಾಳಿ ಬಡಿಯುವ ಮಗ್ಗುಲಿನ ಕೈಲುವಾ, ವೈಮಾನಾಲೊ ಕಡೆ ನೀಲಿ ಗುಳ್ಳೆಯಂಥದ್ದು ಮರಳಿನ ಮೇಲೆ ಬಿದ್ದಿದೆಯಾ ನೋಡಿ. ಅದು ಮ್ಯಾನ್ ಆಫ್ ವಾರ್, ಜೆಲ್ಲಿ ಮೀನಿನಂಥ ಒಂದು ಜೀವಿ. ಸತ್ತಿದ್ದರೂ ಅದರ ದಾರ ಚುಚ್ಚಿದರೆ ಉರಿ ತಡೆಯಲಾಗದು. ಮಕ್ಕಳಿಗೆ ಮೊದಲೇ ತೋರಿಸಿ ಹೇಳಿ. ಉತ್ತರ ತೀರದ ದೊಡ್ಡ ಅಲೆಗಳು ಚಳಿಗಾಲದವು, ಬೇಸಿಗೆಯಲ್ಲಿ ಅಲ್ಲಿ ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಅಲೆ ಬರುವುದು ದಕ್ಷಿಣ ತೀರಕ್ಕೆ.

ಗಾಳಿ ಮೋಸ ಮಾಡುವುದು ಬಿಸಿಲಿನ ವಿಷಯದಲ್ಲಿ. ಬೆವರು ಅಲ್ಲಲ್ಲೇ ಆರುವುದರಿಂದ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಮೇ ಕೊನೆಗೆ ಒಮ್ಮೆ, ಜುಲೈ ನಡುವೆ ಒಮ್ಮೆ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ. ತೋಳು ಮುಚ್ಚುವ ತೆಳು ಅಂಗಿ ತನ್ನಿ. ಟೋಪಿಗೆ ಗದ್ದಕ್ಕೆ ಕಟ್ಟುವ ದಾರ ಬೇಕೇ ಬೇಕು, ಬೆಟ್ಟದಂಚಿನ ಗಾಳಿಯ ಜಾಗ ನುವಾನು ಪಾಲಿ ನೋಡಲು ಹೋದಾಗ ಯಾಕೆ ಅಂತ ತಿಳಿಯುತ್ತದೆ.

ಇದೇ ಗಾಳಿ ಒಣಹುಲ್ಲಿನ ಮೇಲೆ ಬೀಸಿದರೆ ಭಯ ಆಗುತ್ತದೆ. 2023ರ ಆಗಸ್ಟ್ 8ರಂದು ಉತ್ತರಕ್ಕೆ ಅಧಿಕ ಒತ್ತಡ, ದೂರದ ದಕ್ಷಿಣದಲ್ಲಿ ಡೋರಾ ಚಂಡಮಾರುತ. ಬೆಟ್ಟದಿಂದ ಇಳಿದು ಬಂದ ಬಿರುಗಾಳಿಯಲ್ಲಿ ಮಾವಿಯ ಲಹೈನಾ ಊರು ಸುಟ್ಟುಹೋಯಿತು, ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಬೆಂಕಿಯ ಕೆಂಪು ಬಾವುಟದ ಎಚ್ಚರಿಕೆ ಇದ್ದ ದಿನ ದಯವಿಟ್ಟು ಗ್ರಿಲ್ ಹಚ್ಚಬೇಡಿ, ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ.

ಕೆಲವು ದಿನ ಗಾಳಿ ನಿಂತೇ ಹೋಗುತ್ತದೆ. ನಮ್ಮ ಮನೆಯ ಕಿಟಕಿಗಳಿಗೆ ಅಡ್ಡಡ್ಡ ಗಾಜಿನ ಪಟ್ಟಿಗಳಿವೆ, ಗಾಳಿಗೆ ಅವು ರಾತ್ರಿಯೆಲ್ಲ ಟಕಟಕ ಅನ್ನುತ್ತವೆ. ಆ ಸದ್ದು ನಿಂತರೆ ನನಗೆ ಎಚ್ಚರವಾಗುತ್ತದೆ. ದಿಂಬು ಒದ್ದೆ, ಮೈ ಅಂಟು. ಆಗ ಮೊದಲು ಹತ್ತಿರ ಚಂಡಮಾರುತ ಏನಾದರೂ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಯೋಜನೆ ತಿರುಗಿಸಿ. ಮಧ್ಯಾಹ್ನ ಬೆಟ್ಟದ ಮೇಲೆ ಮೋಡ ಕಟ್ಟುತ್ತದೆ, ಬೆಳಿಗ್ಗೆ ಮಾತ್ರ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಆರೂವರೆಗೆಲ್ಲ ಗಾಳಿ ಬಡಿಯುವ ಮಗ್ಗುಲಿಗೇ, ಲಾನಿಕಾಯ್ ತೀರಕ್ಕೆ ಹೋಗಿ. ದಿನಾ ಕದಡುವ ಆ ನೀರು ಅವತ್ತು ಕೆರೆಯ ಹಾಗೆ ನಿಂತಿರುತ್ತದೆ, ಸೊಂಟದವರೆಗೆ ಇಳಿದರೂ ಕಾಲ್ಬೆರಳು ಕಾಣುತ್ತವೆ.