ಚೌಕಿಯ ಬೆಳಕಿನಲ್ಲಿ ಫೋಕಸ್: ರೇಂಜ್‌ಫೈಂಡರ್ ಜೊತೆ ನನ್ನ ಅನುಭವ

ಬೆಸ್ಸಾ ಆರ್ ಕ್ಯಾಮೆರಾಗೆ ಕಣ್ಣಿಟ್ಟರೆ ಖುಷಿಯಾಗುತ್ತದೆ. ಫೈಂಡರ್, ಅಂದರೆ ನೋಡುವ ಕಿಟಕಿ, ಅಗಲ, ಬೆಳಕು ಧಾರಾಳ. ನನ್ನ ಹಳೇ ಸೋವಿಯತ್ ಕ್ಯಾಮೆರಾ ಫೆಡ್-2 ಹಾಗಲ್ಲ. ಇಣುಕುವ ಕಿಂಡಿ ಚಿಕ್ಕದು, ಒಳಗೆಲ್ಲ ಮಬ್ಬು. ಆದರೂ ಉಡುಪಿ ಸುತ್ತಮುತ್ತ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗುವಾಗ ನಾನು ಹೆಗಲಿಗೆ ಹಾಕಿಕೊಳ್ಳುವುದು ಫೆಡ್ ಅನ್ನೇ. ಗೆಳೆಯರು ನಗುತ್ತಾರೆ. ಫೈಂಡರ್ ಚೆನ್ನಾಗಿ ಕಂಡರೆ ಫೋಕಸ್ಸೂ ಚೆನ್ನಾಗಿ ಬರುತ್ತದೆ ಅಂತ ಅವರ ಲೆಕ್ಕ.

ಲೆಕ್ಕ ಬೇರೆಯೇ ಇದೆ. ಎರಡೂ ರೇಂಜ್‌ಫೈಂಡರ್ ಕ್ಯಾಮೆರಾ, ಅಂದರೆ ದೂರ ಅಳೆದು ಫೋಕಸ್ ಹಿಡಿಯುವಂಥವು. ಅದಕ್ಕಾಗಿ ಎರಡು ಕಿಟಕಿ. ಎದುರಿನ ಮುಖವನ್ನು ಎರಡೂ ಸ್ವಲ್ಪ ಬೇರೆ ಜಾಗದಿಂದ ನೋಡುತ್ತವೆ. ಲೆನ್ಸ್ ತಿರುಗಿಸಿದಂತೆ ಫೈಂಡರ್ ನಡುವಿನ ಸಣ್ಣ ತುಂಡಿನಲ್ಲಿ, ಅಂದರೆ ಪ್ಯಾಚ್‌ನಲ್ಲಿ, ಎರಡಾಗಿದ್ದ ಚಿತ್ರ ಸರಿದು ಒಂದಾಗುತ್ತದೆ. ಕಿಟಕಿಗಳ ನಡುವಿನ ಅಂತರವೇ ಬೇಸ್. ಬೇಸ್ ಉದ್ದ ಇದ್ದಷ್ಟೂ ಸಣ್ಣ ತಪ್ಪಿಗೂ ಚಿತ್ರ ಜಾಸ್ತಿ ಸರಿಯುತ್ತದೆ. ಮ್ಯಾಗ್ನಿಫಿಕೇಶನ್ ಆ ಸರಿದಾಟವನ್ನು ಕಣ್ಣಿಗೆ ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸುತ್ತದೆ. ಹಾಗಾಗಿ ಎರಡನ್ನೂ ಗುಣಿಸಿಯೇ ನೋಡಬೇಕು. ಗುಣಿಸಿ ಬಂದದ್ದು ದೊಡ್ಡದಾದಷ್ಟೂ ಫೋಕಸ್ ನಿಖರ.

ಬೆಸ್ಸಾ ಆರ್‌ನ ಬೇಸ್ 37 ಮಿಲಿಮೀಟರ್, ಮ್ಯಾಗ್ನಿಫಿಕೇಶನ್ 0.68. ಗುಣಿಸಿದರೆ ಸುಮಾರು 25. ಫೆಡ್-2ರ ಬೇಸ್ 67, ಮ್ಯಾಗ್ನಿಫಿಕೇಶನ್ ಹೆಚ್ಚುಕಮ್ಮಿ 0.75. ಅಲ್ಲಿಗೆ 50. ಲೈಕಾ ಎಂ6ರ 0.72 ಮಾದರಿಯೂ ಇದೇ 50ರ ಆಸುಪಾಸು. ಬೆಲೆಯ ಮಾತು ಬೇಡ ಬಿಡಿ! 1954ರ ಲೈಕಾ ಎಂ3 ಮಾತ್ರ 0.91 ಮ್ಯಾಗ್ನಿಫಿಕೇಶನ್‌ನಿಂದ 62ರವರೆಗೆ ಹೋಗುತ್ತದೆ. ಅದಕ್ಕಾಗಿ ಬಿಟ್ಟುಕೊಡಬೇಕಾದ್ದೂ ಇದೆ. ನೋಟ ದೊಡ್ಡದಾದಷ್ಟು ಅಕ್ಕಪಕ್ಕ ಕಾಣುವುದು ಕಮ್ಮಿ. ಎಂ3ರ ಫ್ರೇಮ್ ಲೈನ್, ಅಂದರೆ ಚಿತ್ರದ ಅಂಚು ತೋರಿಸುವ ಗೆರೆ, ಶುರುವಾಗುವುದೇ 50 ಎಂಎಂ ಲೆನ್ಸ್‌ನಿಂದ.

ಈಗ ಚೌಕಿಗೆ ಬನ್ನಿ. ವೇಷಧಾರಿ ಕನ್ನಡಿ ಹಿಡಿದು ಬಣ್ಣ ಹಚ್ಚುತ್ತಿದ್ದಾರೆ. ನಾನು ಎರಡು ಮೀಟರ್ ದೂರದಲ್ಲಿ ಕೂತಿದ್ದೇನೆ. ಲೆನ್ಸ್ ಸೋವಿಯತ್ ಜುಪಿಟರ್-9, ಅಂದರೆ 85 ಎಂಎಂ. ಬೆಳಕು ಸಾಲದ್ದಕ್ಕೆ ಎಫ್/2ರಲ್ಲೇ, ಅಂದರೆ ಲೆನ್ಸ್‌ನ ಬೆಳಕಿನ ತೂತು (ಅಪರ್ಚರ್) ಪೂರ್ತಿ ತೆರೆದು, ತೆಗೆಯಬೇಕು. ಆಗ ಫೋಕಸ್ ಬಿಂದುವಿನ ಹಿಂದೆ ಮುಂದೆ ಸಿಗುವುದು ಮೂರು ಮೂರೂವರೆ ಸೆಂಟಿಮೀಟರ್ ಅಷ್ಟೆ. ಕಣ್ಣಿಗೆ ಹಿಡಿದರೆ ಕಿವಿ ಆಗಲೇ ಮಬ್ಬು. ಸಾಮಾನ್ಯ ಕಣ್ಣು ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗದಷ್ಟು ವ್ಯತ್ಯಾಸವನ್ನು ಗುರುತಿಸುತ್ತದೆ ಅಂತ ಹಿಡಿದರೆ, ಬೆಸ್ಸಾದಲ್ಲಿ ಆ ದೂರಕ್ಕೆ ಸುಮಾರು ಐದು ಸೆಂಟಿಮೀಟರ್ ತಪ್ಪು ಕಣ್ಣಿಗೆ ಬೀಳದೆ ನುಸುಳಬಹುದು. ಫೆಡ್‌ನಲ್ಲಿ ಎರಡೂವರೆ. ಒಂದರಲ್ಲಿ ಫೋಕಸ್ ಅದೃಷ್ಟದ ಮೇಲೆ, ಇನ್ನೊಂದರಲ್ಲಿ ಕೈ ಮೇಲೆ.

ಇನ್ನೊಂದು ವಿಷಯ. ಬೆಸ್ಸಾ, ಫೆಡ್ ಎರಡರಲ್ಲೂ ಲೆನ್ಸ್ ಕೂರಿಸುವ ತಿರುಪು ಒಂದೇ. ಆದರೆ ಸೋವಿಯತ್ ಲೆನ್ಸ್‌ಗಳ ಫೋಕಸ್ ಲೆಕ್ಕ ಲೈಕಾ ಪದ್ಧತಿಗಿಂತ ಕೊಂಚ ಬೇರೆ. ದೂರಕ್ಕೆ ಗೊತ್ತಾಗುವುದಿಲ್ಲ, ಹತ್ತಿರದಲ್ಲಿ ಅಪರ್ಚರ್ ಪೂರ್ತಿ ತೆರೆದಾಗ ಗೊತ್ತಾಗುತ್ತದೆ. ಜುಪಿಟರ್‌ಗೆ ಫೆಡ್ಡೇ ಸರಿ ಜೋಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಫೆಡ್ ಫೈಂಡರ್ 50 ಎಂಎಂಗೆ ಮಾಡಿದ್ದು. ಹಾಗಾಗಿ 85ಕ್ಕೆ ಫೋಕಸ್ ಅಲ್ಲಿ, ಚೌಕಟ್ಟು ನೋಡುವುದು ಕ್ಯಾಮೆರಾದ ಮೇಲೆ ಸಿಕ್ಕಿಸುವ ಬೇರೆ ಫೈಂಡರ್‌ನಲ್ಲಿ. ರಗಳೆಯೇ, ಆದರೆ ಅಭ್ಯಾಸವಾಗುತ್ತದೆ.

ಪ್ಯಾಚ್‌ನ ಚಿತ್ರ ಸರಿಯುವುದು ಅಡ್ಡಕ್ಕೆ. ಆದ್ದರಿಂದ ಫೋಕಸ್ಸಿಗೆ ಬೇಕಾದ್ದು ಉದ್ದ ನಿಂತ ಗೆರೆ. ವೇಷದ ಹಣೆಯ ಮೇಲಿನ ನಾಮಕ್ಕಿಂತ ಒಳ್ಳೆಯ ಗುರುತು ನನಗೆ ಸಿಕ್ಕಿಲ್ಲ. ಬಿಳಿ ಗೆರೆ, ಸುತ್ತ ಗಾಢ ಬಣ್ಣ, ಪಕ್ಕದಲ್ಲೇ ಕಣ್ಣು. ಎರಡು ನಾಮ ಒಂದಾದ ಕೂಡಲೇ ಒತ್ತುವುದು. ಮಲ್ಪೆಯಲ್ಲಿ ಸಮುದ್ರದ ಅಂಚನ್ನು ಹಿಡಿದು ಫೋಕಸ್ ಮಾಡಲು ಹೊರಟರೆ ಏನೂ ತಿಳಿಯುವುದಿಲ್ಲ, ಗೆರೆ ಗೆರೆಯ ಮೇಲೇ ಜಾರುತ್ತದೆ. ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ, ಇಲ್ಲವೇ ದೋಣಿಯ ಕಂಬ ಹುಡುಕಿ. ಅಡಿಕೆ ತೋಟದಲ್ಲಿ ತಕರಾರು ಇದಕ್ಕೆ ಉಲ್ಟಾ. ಎಲ್ಲವೂ ನೆಟ್ಟಗಿನ ಗೆರೆಯೇ, ಒಂದು ಮರ ಪಕ್ಕದ ಮರದ ಜೊತೆ ಕೂಡಿ ಫೋಕಸ್ ಆಯ್ತು ಅನ್ನಿಸಿಬಿಡುತ್ತದೆ. ಅಲ್ಲಿ ಕಾಂಡದ ಮೇಲಿನ ಒಂದು ಕಲೆಯನ್ನೋ ತೋಟದಲ್ಲಿ ನಿಂತ ಮನುಷ್ಯನನ್ನೋ ನೋಡಬೇಕು.

ಫೋಕಸ್‌ಗೆ ಮುಂಚೆ ಫೆಡ್‌ನ ರಿವೈಂಡ್ ಗುಬ್ಬಿಯ ಕೆಳಗಿರುವ ಸಣ್ಣ ಲಿವರ್ ತಿರುಗಿಸಿ ಫೈಂಡರನ್ನು ನನ್ನ ಕಣ್ಣಿಗೆ ಹೊಂದಿಸಿಕೊಳ್ಳುತ್ತೇನೆ. ಇದು ಸರಿಯಿಲ್ಲದಿದ್ದರೆ 50 ಇದ್ದರೂ ಒಂದೇ, 25 ಇದ್ದರೂ ಒಂದೇ. ಮಳೆಗಾಲ ಮುಗಿದ ಮೇಲೆ ಕಾಪು ದೀಪಸ್ತಂಭವನ್ನು ಒಂದೆರಡು ಕಿಲೋಮೀಟರ್ ದೂರದಿಂದ ನೋಡಿ, ಲೆನ್ಸ್ ಇನ್ಫಿನಿಟಿಯಲ್ಲಿ ಇಟ್ಟಾಗ ಎರಡು ಅಂಚೂ ಕೂಡುತ್ತವೆಯೇ ಅಂತ ಪರೀಕ್ಷಿಸುತ್ತೇನೆ. ನಮ್ಮ ಕರಾವಳಿಯ ತೇವಕ್ಕೆ ಒಳಗಿನ ಗಾಜು ಮಂಜಾಗಿ ಪ್ಯಾಚ್ ಮಾಸುತ್ತದೆ. ಮಾಸಿದ ಪ್ಯಾಚ್‌ಗೆ ಗುಣಾಕಾರ ಏನೂ ಮಾಡಲಾರದು. ಕ್ಯಾಮೆರಾ ಇರುವ ಡಬ್ಬಕ್ಕೆ ಸಿಲಿಕಾ ಜೆಲ್ ಹಾಕಿಡಿ.

ಬೆಸ್ಸಾ ಮೂಲೆ ಸೇರಿಲ್ಲ. ಮಂಗಳೂರಿನ ದಕ್ಕೆಯಲ್ಲಿ ಬೆಳಿಗ್ಗೆ ಮೀನು ಇಳಿಸುವಾಗ ಅದೇ ನನ್ನ ಕೈಯಲ್ಲಿ. 35 ಎಂಎಂ ಲೆನ್ಸ್, ಎಫ್/8, ದೂರ ಐದು ಮೀಟರ್‌ಗೆ ಇಟ್ಟರೆ ಎರಡೂವರೆ ಮೀಟರ್‌ನಿಂದ ಆಚೆ ಎಲ್ಲ ಸ್ಪಷ್ಟ. ಪ್ಯಾಚ್ ನೋಡುವ ಗೋಜೇ ಇಲ್ಲ. ಅಲ್ಲಿ ಬೇಕಾಗಿರುವುದು ಅಗಲವಾದ, ಬೆಳಕಿನ ಫೈಂಡರ್. ಫೆಡ್‌ನ ಕಿಂಡಿಯಲ್ಲಿ ಇಣುಕುತ್ತಾ ನಿಂತರೆ ಬುಟ್ಟಿ ಹೊತ್ತವರು ದಾಟಿಯೇ ಹೋಗಿರುತ್ತಾರೆ.