ಸಾರಾಂಶವನ್ನು ಕೋಷ್ಟಕದಿಂದ ಶುರು ಮಾಡುವುದು

ಸಂಶೋಧನಾ ಲೇಖನದ ಸಾರಾಂಶವನ್ನು ನಾನು ಬರೆಯುವುದು ಕೋಷ್ಟಕಗಳೆಲ್ಲ ಅಂತಿಮವಾದ ಮೇಲೆ. ಅದನ್ನೂ ಪೀಠಿಕೆಯಿಂದ ಶುರು ಮಾಡುವುದಿಲ್ಲ. ಮುಖ್ಯ ಕೋಷ್ಟಕ ಎದುರಿಗಿಟ್ಟುಕೊಂಡು ಮೊದಲು ಒಂದೇ ವಾಕ್ಯ: ಏನು ಸಿಕ್ಕಿತು, ಎಷ್ಟು, ಯಾವುದಕ್ಕೆ ಹೋಲಿಸಿದರೆ. ರಾಗಿ ಪ್ರಯೋಗವಾದರೆ, ಉದಾಹರಣೆಗೆ, "ನಾಟಿ ಮಾಡಿದ ತಾಕಿನಲ್ಲಿ ಹೆಕ್ಟೇರಿಗೆ 27.1 ಕ್ವಿಂಟಲ್, ಕೂರಿಗೆ ಬಿತ್ತನೆಯಲ್ಲಿ 22.4" ಎಂದು. "ಇಳುವರಿ ಗಣನೀಯವಾಗಿ ಹೆಚ್ಚಿತು" ಎಂದರೆ ಓದುವವರಿಗೆ ಏನೂ ದಕ್ಕುವುದಿಲ್ಲ. "ಫಲಿತಾಂಶಗಳನ್ನು ಚರ್ಚಿಸಲಾಗಿದೆ" ಎಂಬುದು ಇನ್ನೂ ಕೆಟ್ಟದ್ದು. ಆ ಜಾಗದಲ್ಲಿ ಒಂದು ಅಂಕಿ ಕೂರುತ್ತಿತ್ತು.

ಆಮೇಲೆ ವಿಧಾನಕ್ಕೆ ಎರಡು ವಾಕ್ಯ: ಎಲ್ಲಿ, ಯಾವ ಹಂಗಾಮು, ಎಷ್ಟು ಉಪಚಾರ (ಹೋಲಿಸಿ ನೋಡಿದ ವಿಧಾನಗಳು), ಪ್ರತಿಯೊಂದಕ್ಕೂ ಎಷ್ಟು ಪುನರಾವರ್ತನೆ. ಪೀಠಿಕೆಗೆ ಒಂದೇ ಸಾಕು. "ರಾಗಿ ಕರ್ನಾಟಕದ ಪ್ರಮುಖ ಬೆಳೆ" ಎಂಬಂಥ ಆರಂಭವನ್ನು ಹೊಡೆದುಹಾಕುತ್ತೇನೆ, ಅದು ಗೊತ್ತಿಲ್ಲದವರು ಈ ಲೇಖನ ತೆರೆಯುವುದಿಲ್ಲ. 250 ಪದ ಕೊಟ್ಟರೆ ಅದರಲ್ಲಿ ಅರ್ಧ ಫಲಿತಾಂಶಕ್ಕೇ ಮೀಸಲು. ತೀರ್ಮಾನವನ್ನು ದತ್ತಾಂಶ ತಾಳುವಷ್ಟಕ್ಕೇ ನಿಲ್ಲಿಸಬೇಕು. ಒಂದೇ ಹಂಗಾಮಿನ ಪ್ರಯೋಗ ಮುಂದಿಟ್ಟುಕೊಂಡು "ರೈತರಿಗೆ ಶಿಫಾರಸು" ಎಂದು ಬರೆಯುವುದು ತಪ್ಪು.

ಮಿತಿ ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಪ್ಲಾಸ್ ಒನ್ ಎಂಬ ವಿಜ್ಞಾನ ಪತ್ರಿಕೆ 300 ಪದ ಕೊಡುತ್ತದೆ. ಪ್ರಕಟಣೆಗೆ ಮುಂಚಿನ ಲೇಖನಗಳನ್ನು ಇರಿಸುವ ಜಾಲತಾಣ ಆರ್ಕೈವ್ (arXiv) ಪದ ಎಣಿಸುವುದಿಲ್ಲ, 1920 ಅಕ್ಷರಕ್ಕೆ ನಿಲ್ಲಿಸುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಅಂಕಿಗಳ ತಾಳೆ. ಆರು ವೈದ್ಯಕೀಯ ಪತ್ರಿಕೆಗಳನ್ನು ಪರಿಶೀಲಿಸಿ 1999ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ (JAMA) ಬಂದ ಅಧ್ಯಯನದ ಪ್ರಕಾರ, ಲೇಖನದೊಳಗೆ ಇಲ್ಲದ ಅಥವಾ ಅದಕ್ಕೆ ಹೊಂದದ ಮಾಹಿತಿ ಇದ್ದ ಸಾರಾಂಶಗಳ ಪ್ರಮಾಣ ಪತ್ರಿಕೆಗೆ ತಕ್ಕಂತೆ ಶೇ 18ರಿಂದ 68. ವಿಮರ್ಶಕರು ಹೇಳಿದಂತೆ ಕೋಷ್ಟಕ ತಿದ್ದಿ, ಸಾರಾಂಶವನ್ನು ಹಾಗೇ ಬಿಟ್ಟರೆ ಹೀಗಾಗುತ್ತದೆ. ಅದಕ್ಕೇ ಪ್ರತಿ ತಿದ್ದುಪಡಿಯ ನಂತರ ಸಾರಾಂಶದ ಮುದ್ರಿತ ಪ್ರತಿಯಲ್ಲಿ ಒಂದೊಂದು ಅಂಕಿಗೂ ಸುತ್ತು ಹಾಕಿ, ಪಕ್ಕದಲ್ಲಿ ಕೋಷ್ಟಕದ ಸಂಖ್ಯೆ ಬರೆಯುತ್ತೇನೆ. ಸಂಖ್ಯೆ ಸಿಗದ ಅಂಕಿ ಹೊರಕ್ಕೆ. ಶೇ 40ರಿಂದ ಶೇ 50ಕ್ಕೆ ಏರಿದ್ದನ್ನು "ಶೇ 10ರಷ್ಟು ಹೆಚ್ಚಳ" ಎಂದಿದ್ದೇನೆಯೇ ಎಂದೂ ನೋಡುತ್ತೇನೆ. 40ರ ಮೇಲೆ 10 ಎಂದರೆ ಅದು ಶೇ 25ರ ಹೆಚ್ಚಳ.

ವಿಚಾರ ಸಂಕಿರಣಕ್ಕೆ ಕನ್ನಡದಲ್ಲೇ ಕಳಿಸುವಾಗ ಇಂಗ್ಲಿಷಿನ ಪದಮಿತಿಗೆ ಹೆದರಬೇಕಿಲ್ಲ: ವಿಭಕ್ತಿಗಳು ಪದಕ್ಕೇ ಅಂಟುವುದರಿಂದ ಅದೇ ವಿಷಯ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಕಡತ ಮಾತ್ರ ಯೂನಿಕೋಡ್‌ನಲ್ಲಿರಲಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಜಾಲತಾಣದ ಅರ್ಜಿಗೆ ಅಂಟಿಸಿದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ.